ಕರಗಿಸುವ ಮುಂಚೆ ಒಮ್ಮೆ ನಮಗೆ ತೋರಿಸಿ

ಮಾನ್ಯ ಸಂಪಾದಕರೇ,

ಮದುವೆ ಸೀಸನ್ ಶುರುವಾದರೆ ಸಾಕು, ಪತ್ರಿಕೆಗಳ ಮುಖಪುಟದಲ್ಲೇ ದೊಡ್ಡ ದೊಡ್ಡ ಜಾಹೀರಾತು ಬರುತ್ತವೆ. ಹಳೇ ಚಿನ್ನ ತನ್ನಿ, ಹೊಸ ಒಡವೆ ಒಯ್ಯಿರಿ ಅಂತ. ನಾನು ವಿರಾಜಪೇಟೆಯ ಅಕ್ಕಸಾಲಿಗ. ಅಜ್ಜ, ಅಪ್ಪ ಕೂತು ಕೆಲಸ ಮಾಡಿದ ಜಾಗದಲ್ಲೇ ನಾನೂ ಕೂತು ನಲವತ್ತೈದು ವರ್ಷ ಆಯಿತು. ಆ ಜಾಹೀರಾತು ಕಂಡಾಗಲೆಲ್ಲ ಎದೆ ಧಸಕ್ ಅನ್ನುತ್ತದೆ. ಯಾಕೆ ಅಂತ ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಹಾಕಿ.

ಕಳೆದ ಪುತ್ತರಿ ಹಬ್ಬ ಮುಗಿದು ಎರಡು ವಾರ ಆಗಿತ್ತು. ಪೊನ್ನಂಪೇಟೆ ಕಡೆಯ ಒಬ್ಬರು ಅಮ್ಮ ಅಂಗಡಿಗೆ ಬಂದರು. ಎಪ್ಪತ್ತು ದಾಟಿದವರು. ಕೈಯಲ್ಲಿ ಒಂದು ಚೀಟಿ, ಒಂದು ಹಳೇ ಮದುವೆ ಫೋಟೋ. ಫೋಟೋದಲ್ಲಿ ಮದುಮಗಳು ಅವರೇ. ಕೊರಳಲ್ಲಿ ಜೋಮಾಲೆ ಸರ, ಅದರ ಕೆಳಗೆ ಕೊಕ್ಕೆತಾತಿ ಪದಕ.

“ಆಚಾರ್ರೇ, ಇದೇ ಥರದ್ದು ಇನ್ನೊಂದು ಮಾಡಿಕೊಡೋಕಾಗುತ್ತಾ?”

ಫೋಟೋ ನೋಡಬೇಕಾಗಿರಲಿಲ್ಲ. ಆ ಕೊಕ್ಕೆತಾತಿ ನನಗೆ ಗೊತ್ತಿತ್ತು. ಅವರ ತಾಯಿಯ ಮದುವೆಗೆ ಅದನ್ನು ಮಾಡಿದ್ದು ನನ್ನ ಅಜ್ಜ. 1994ರಲ್ಲಿ ಅಂಚಿನ ಮುತ್ತು ಬಿದ್ದುಹೋಗಿ, ಒಂದು ಕೆಂಪು ಹರಳು ಒಡೆದಿತ್ತು ಅಂತ ನನ್ನ ಹತ್ತಿರ ರಿಪೇರಿಗೆ ಬಂದಿತ್ತು. ಹಿಂದೆ ತಿರುಗಿಸಿದರೆ ನಾಗರ ಹೆಡೆಯ ಕೆಳಗೆ ಮೂರು ಸಣ್ಣ ಚುಕ್ಕಿ. ಅದು ಅಜ್ಜನ ಗುರುತು. ಹೆಸರು ಕೆತ್ತುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮೂರು ಚುಕ್ಕಿ ಇಟ್ಟು ಬಿಡುತ್ತಿದ್ದರು, ಅಷ್ಟೇ. ಅವತ್ತು ಒಡೆದ ಹರಳು ತೆಗೆದು ಹೊಸದು ಕೂರಿಸಿದ್ದೆ. “ಒಡೆದದ್ದು ನಿಮ್ಮಲ್ಲೇ ಇರಲಿ” ಅಂತ ಹೇಳಿ ಆ ಅಮ್ಮ ಹೋಗಿದ್ದರು.

ಮೊಮ್ಮಗಳ ಮದುವೆಗೆ ಅಂತ ಅವರ ಮಗ ಎರಡನ್ನೂ ಪಟ್ಟಣದ ಒಂದು ದೊಡ್ಡ ಅಂಗಡಿಗೆ ಒಯ್ದು ಎಕ್ಸ್‌ಚೇಂಜ್ ಮಾಡಿಸಿದ್ದಾರೆ. ಮಗನನ್ನು ನಾನು ಬೈಯುವುದಿಲ್ಲ. ಚಿನ್ನ ಹತ್ತು ಗ್ರಾಮಿಗೆ ಲಕ್ಷ ದಾಟಿದ ಮೇಲೆ ಯಾರಾದರೂ ಏನು ಮಾಡಬೇಕು? ಮನೆಯಲ್ಲಿದ್ದ ಹಳೇದನ್ನು ಕೊಟ್ಟೇ ಹೊಸದು ತರಬೇಕು. ಆದರೆ ಆ ಚೀಟಿ ಓದಿದಾಗ ನನಗೆ ಮಾತೇ ಹೊರಡಲಿಲ್ಲ. ಒಟ್ಟು ತೂಕ 62 ಗ್ರಾಂ. ‘ಕಲ್ಲು, ಅರಗು, ಇತರೆ’ ಅಂತ 19 ಗ್ರಾಂ ಕಳೆದಿದ್ದರು. ಉಳಿದ 43 ಗ್ರಾಮಿಗೂ ಕರಗಿಸಿದ ಮೇಲೆ ಟಚ್, ಅಂದರೆ ಚಿನ್ನದ ಶುದ್ಧತೆ, ಕಡಿಮೆ ಬಂತು ಅಂತ ಮತ್ತಷ್ಟು ಇಳಿಸಿದ್ದರು. ನಲವತ್ತೊಂದು ಕೆಂಪು ಹರಳು ಇದ್ದವು. ಅವುಗಳ ಬಗ್ಗೆ ಚೀಟಿಯಲ್ಲಿ ಒಂದು ಅಕ್ಷರವೂ ಇಲ್ಲ. ಹರಳು ವಾಪಸ್ ಕೊಡಿ ಅಂತ ಕೇಳಿದ್ದಕ್ಕೆ, ಹಳೇ ಕಲ್ಲಿಗೆ ಬೆಲೆ ಇಲ್ಲ, ತೆಗೆಯುವಾಗ ಪುಡಿಯಾಯಿತು ಅಂದರಂತೆ.

ಕೆಂಪು ಅಂದರೆ ಮಾಣಿಕ್ಯ. ಗಡಸುತನದಲ್ಲಿ ವಜ್ರ ಹತ್ತು ಅಂದರೆ ಇದು ಒಂಬತ್ತು. ಸುತ್ತಿಗೆಯಿಂದ ಜಜ್ಜಿದರೆ ಒಡೆಯುತ್ತದೆ, ನಿಜ. ಬಿಡಿಸುವ ಹಾಗೆ ಬಿಡಿಸಿದರೆ ನಲವತ್ತೊಂದರಲ್ಲಿ ನಲವತ್ತೊಂದೂ ಇಡಿಯಾಗಿ ಬರುತ್ತವೆ. ನಾನು ಬಿಡಿಸಿದ್ದೇನೆ.

ಕೊಡಗಿನ ಹೊರಗಿನ ಓದುಗರಿಗೆ ಜೋಮಾಲೆ ಗೊತ್ತಿರಲಿಕ್ಕಿಲ್ಲ. ಟೊಳ್ಳಾದ ಚಿನ್ನದ ಗುಂಡುಗಳು, ಒಳಗೆ ಅರಗು, ದಾರದಲ್ಲಿ ಪೋಣಿಸಿದ್ದು. ಕೊಡವ ಹೆಂಗಸರು ಮದುವೆಗೆ, ಹಬ್ಬಕ್ಕೆ ಹಾಕುತ್ತಾರೆ. ಕೊಕ್ಕೆತಾತಿ ಅಂದರೆ ಅರ್ಧಚಂದ್ರದ ಪದಕ. ಮೈ ತುಂಬ ಕೆಂಪು, ಅಂಚಿಗೆ ಮುತ್ತು, ಮೇಲೆ ನಾಗರ ಹೆಡೆ. ಪತ್ತಾಕ್ ಬೇರೆ. ಅದು ಪವನಿನ, ಅಂದರೆ ಚಿನ್ನದ ನಾಣ್ಯದ, ಸುತ್ತ ಕೆಂಪು ಕೂರಿಸಿ ಮೇಲೆ ಹೆಡೆ ಇಟ್ಟಿದ್ದು, ತಾಯಿ ಮಗಳಿಗೆ ಮದುವೆಯಲ್ಲಿ ಕಟ್ಟುತ್ತಾಳೆ. ಕೊಡವರಿಗೆ ಅದೇ ಮಾಂಗಲ್ಯ. ಉತ್ತರ ಕರ್ನಾಟಕದವರಿಗೆ ಹೇಳುವುದಾದರೆ ಜೋಮಾಲೆ ನಿಮ್ಮ ಬೋರಮಾಳದ ಅಕ್ಕತಂಗಿ. ಅದರ ಗುಂಡಿನೊಳಗೂ ಅರಗೇ ಇರುವುದು.

ಅರಗು ಅಂದರೆ ಮೋಸ ಅಂತ ಈಗಿನವರು ತಿಳಿಯುತ್ತಾರೆ. ಚಿನ್ನದ ಒಳಗೆ ಏನೋ ತುಂಬಿ ತೂಕ ಜಾಸ್ತಿ ಮಾಡಿದ್ದಾರೆ ಅಂತ. ಇದು ನನ್ನನ್ನು ತುಂಬ ನೋಯಿಸುತ್ತದೆ. ಒಂದು ಗುಂಡು ಹೇಗೆ ಆಗುತ್ತದೆ ಹೇಳುತ್ತೇನೆ, ನೀವೇ ನೋಡಿ. ಮೂಸೆಯಲ್ಲಿ ಚಿನ್ನ ಕರಗಿಸಿ ಗಟ್ಟಿ ಮಾಡಬೇಕು. ಅಡಿಗಲ್ಲಿನ ಮೇಲಿಟ್ಟು ಬಡಿಯಬೇಕು. ನಾಲ್ಕು ಪೆಟ್ಟಿಗೆ ಅದು ಹಟ ಹಿಡಿಯುತ್ತದೆ, ಮತ್ತೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಬೇಕು. ಬಡಿದು, ಕಾಯಿಸಿ, ಬಡಿದು, ಕಾಗದದಷ್ಟು ತೆಳ್ಳಗಿನ ತಗಡು ಬರುತ್ತದೆ. ಅದರಲ್ಲಿ ಬಿಲ್ಲೆ ಕತ್ತರಿಸಿ ಅಚ್ಚಿನ ಗುಳಿಗೆ ಒತ್ತಿದರೆ ಅರ್ಧ ಗುಂಡು. ಇಂಥ ಎರಡು ಅರ್ಧ ಸೇರಿಸಿ, ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು ಊದುಕೊಳವೆಯಲ್ಲಿ ಊದಬೇಕು. ಉಸಿರು ಒಂದು ಚೂರು ಜಾಸ್ತಿಯಾದರೆ ಬೆಸುಗೆಯ ಜತೆ ಗುಂಡೂ ಕರಗಿ ಅಕ್ಕಿ ಕಾಳಿನಂತೆ ಮುದುಡುತ್ತದೆ. ಕಲಿಯುವಾಗ ನಾನು ಎಷ್ಟು ಕರಗಿಸಿದ್ದೇನೋ ಲೆಕ್ಕ ಇಲ್ಲ.

ಈಗ ಆ ಗುಂಡು ಕೈಯಲ್ಲಿ ಹಿಡಿದು ಬೆರಳಿನಿಂದ ಒತ್ತಿದರೆ ಮೊಟ್ಟೆಯ ಸಿಪ್ಪೆಯ ಹಾಗೆ ಒಳಗೆ ಹೋಗುತ್ತದೆ. ಅದಕ್ಕೇ ಅರಗು. ಅರಗಿಗೆ ಜರಡಿ ಹಿಡಿದ ಇಟ್ಟಿಗೆ ಪುಡಿ ಬೆರೆಸಿ, ಕಾಯಿಸಿ, ತೂತಿನಿಂದ ಒಳಗೆ ತುಂಬುತ್ತೇವೆ. ತಣಿದರೆ ಗುಂಡು ಕಲ್ಲಿನ ಹಾಗೆ ಗಟ್ಟಿ. ಕಡಿಮೆ ಚಿನ್ನದಲ್ಲಿ ಕೊರಳು ತುಂಬುವ ಒಡವೆ, ಅದೂ ಮೂರು ತಲೆಮಾರು ಜಜ್ಜಿಹೋಗದೆ ಉಳಿಯುವಂಥದ್ದು. ಬಡವರ ಮನೆಯ ಹೆಣ್ಣುಮಗಳಿಗೂ ಒಂದು ಸರ ಆಗಲಿ ಅಂತ ನಮ್ಮ ಹಿರಿಯರು ಕಂಡುಕೊಂಡ ದಾರಿ ಇದು. ಮಜೂರಿ ಮಾತಾಡುವಾಗಲೇ ಚಿನ್ನ ಇಷ್ಟು, ಅರಗು ಇಷ್ಟು ಅಂತ ಹೇಳುತ್ತಿದ್ದರು. ಮುಚ್ಚಿಟ್ಟದ್ದು ಏನೂ ಇರಲಿಲ್ಲ.

ಹರಳು ಕೂರಿಸುವುದು ಇದಕ್ಕಿಂತ ಕಷ್ಟ. ಕೊಕ್ಕೆತಾತಿಯಲ್ಲಿ ಹರಳನ್ನು ಕೊಕ್ಕೆಯಿಂದ ಹಿಡಿಸುವುದಿಲ್ಲ. ಕುಂದಣ ಹಾಕುತ್ತೇವೆ. ಕುಂದಣ ಅಂದರೆ ಅಪರಂಜಿ, 24 ಕ್ಯಾರೆಟ್. ಮೊದಲು ಗೂಡಿಗೆ ಅರಗು, ಅದರ ಮೇಲೆ ಹೊಳೆಯುವ ತೆಳು ಹಾಳೆ, ಅದರ ಮೇಲೆ ಹರಳು. ಆ ಹಾಳೆಗೆ ಬಿದ್ದ ಬೆಳಕು ಹರಳಿನೊಳಗಿಂದ ವಾಪಸ್ ಬರುತ್ತದೆ. ಕತ್ತಲೆ ಕೋಣೆಯಲ್ಲಿ ಎಣ್ಣೆ ದೀಪ ಹಚ್ಚಿದರೂ ಹಳೇ ಕೊಕ್ಕೆತಾತಿ ಕೆಂಡದ ಹಾಗೆ ಕಾಣುವುದು ಇದರಿಂದಲೇ. ಆಮೇಲೆ ಅಪರಂಜಿಯ ಸಣ್ಣ ಪಟ್ಟಿಗಳನ್ನು ಹರಳಿನ ಸುತ್ತ ಉಕ್ಕಿನ ಸಲಾಕೆಯಿಂದ ಒತ್ತುತ್ತಾ ಹೋಗಬೇಕು. ಬೆಂಕಿ ಬೇಡ, ಬೆಸುಗೆ ಬೇಡ. ಶುದ್ಧ ಚಿನ್ನಕ್ಕೆ ಒಂದು ಗುಣ ಇದೆ, ಒತ್ತಿದರೆ ತನಗೆ ತಾನೇ ಕೂಡಿಕೊಳ್ಳುತ್ತದೆ. ತಾಮ್ರ ಬೆರೆತ 22 ಕ್ಯಾರೆಟ್ಟಿನಲ್ಲಿ ಈ ಆಟ ನಡೆಯುವುದಿಲ್ಲ. ಒಂದು ಹರಳಿಗೆ ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ. ಒತ್ತು ಕಡಿಮೆಯಾದರೆ ಸಂದು ಉಳಿದು ನೀರು ಇಳಿಯುತ್ತದೆ, ಜಾಸ್ತಿಯಾದರೆ ಹರಳಿನ ಅಂಚು ಒಡೆಯುತ್ತದೆ. (ಅದಕ್ಕೇ ಹೇಳುವುದು, ಇಂಥ ಒಡವೆಯನ್ನು ಬಿಸಿನೀರಿಗೆ ಹಾಕಬೇಡಿ. ಅರಗು ಮೆತ್ತಗಾಗುತ್ತದೆ, ಹಾಳೆ ಕಪ್ಪಾಗುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಸಾಕು.)

ಹಳೇ ಹರಳಿಗೆ ಬೆಲೆಯೇ ಇಲ್ಲ ಅನ್ನುವವರಿಗೂ, ನಮ್ಮಜ್ಜಿಯದ್ದು ಬರ್ಮಾ ಕೆಂಪು, ಕೋಟಿ ಬಾಳುತ್ತದೆ ಅನ್ನುವವರಿಗೂ ನಾನು ಒಂದೇ ಮಾತು ಹೇಳುತ್ತೇನೆ. ಮೊದಲು ಹರಳು ನೋಡೋಣ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಭೂತಗನ್ನಡಿ ನನ್ನ ಹತ್ತಿರ ಇದೆ. ನೆಲದಿಂದ ಬಂದ ಕೆಂಪಿನೊಳಗೆ ರೇಷ್ಮೆ ಎಳೆಯಂಥ ಸೂಜಿಗಳು, ನೇರ ಗೆರೆಗಳು ಕಾಣುತ್ತವೆ. ಒಲೆಯಲ್ಲಿ ಬೆಳೆಸಿದ ಕೆಂಪಿನಲ್ಲಿ ಬಾಗಿದ ಗೆರೆ, ಗಾಳಿ ಗುಳ್ಳೆ. ಒಲೆಯ ಕೆಂಪು ಈಗಿನದಲ್ಲ. ಫ್ರಾನ್ಸಿನ ವರ್ನೂಯಿ ಅನ್ನುವವರು 1902ರಲ್ಲೇ ಆ ವಿಧಾನ ಪ್ರಕಟಿಸಿದ್ದರು. ಹಾಗಾಗಿ ನೂರು ವರ್ಷದ ಒಡವೆಯಲ್ಲೂ ಅಂಥದ್ದು ಸಿಗುತ್ತದೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆದರೂ ಒಲೆಯ ಹರಳಾದರೂ ನಿಮ್ಮದೇ ಅಲ್ವಾ? ನಿಮ್ಮ ಅಜ್ಜಿ ಹಾಕಿಕೊಂಡದ್ದು ಅದೇ. ಕಸದ ಬುಟ್ಟಿಗೆ ಹಾಕುವ ಹಕ್ಕು ಬೇರೆಯವರಿಗೆ ಇಲ್ಲ.

ಈಗ ಮಾರುಕಟ್ಟೆಗೆ ಬರುವ ಅಗ್ಗದ ಕೆಂಪು ಇದಕ್ಕಿಂತ ಕಷ್ಟ. ಬಿರುಕು ಬಿಟ್ಟ ಕಳಪೆ ಕಲ್ಲಿಗೆ ಸೀಸದ ಗಾಜು ತುಂಬಿ ಫಳಫಳ ಮಾಡಿರುತ್ತಾರೆ. ಐದಾರು ವರ್ಷದ ಹಿಂದೆ ಒಬ್ಬ ಹುಡುಗ ಆನ್‌ಲೈನಿನಲ್ಲಿ ತರಿಸಿದ ಉಂಗುರ ಸರಿ ಮಾಡಲು ಕೊಟ್ಟ. ನಾನು ಭೂತಗನ್ನಡಿ ಹಿಡಿಯದೆ ಆಸಿಡ್‌ಗೆ ಅದ್ದಿಬಿಟ್ಟೆ. ಎತ್ತಿ ನೋಡಿದರೆ ಹರಳಿನ ತುಂಬ ಜೇಡರ ಬಲೆಯಂಥ ಬಿರುಕು. ಗಾಜನ್ನು ಆಸಿಡ್ ತಿಂದಿತ್ತು. ನಿಂಬೆಹಣ್ಣಿನ ರಸಕ್ಕೂ ಇದು ಹೆದರುತ್ತದೆ ಅಂತ ಆಮೇಲೆ ಗೊತ್ತಾಯಿತು. ಆ ಹುಡುಗನಿಗೆ ಬೇರೆ ಹರಳು ಹಾಕಿಕೊಟ್ಟೆ. ಅವತ್ತಿನಿಂದ ನೋಡದೆ ಯಾವ ಹರಳನ್ನೂ ಮುಟ್ಟಿಲ್ಲ. ಇನ್ನು ನಮ್ಮ ಕಡೆಯ ಕಡಮಕಲ್ಲು, ಕೂಜುಮಲೆ ಕಾಡಿನಲ್ಲಿ ಕದ್ದು ಅಗೆದ ಹರಳುಕಲ್ಲಿನ ಸುದ್ದಿ ಎಲ್ಲರೂ ಓದಿದ್ದಾರೆ. ಅಂಥದ್ದು ತಂದು ಕೂರಿಸಿಕೊಡಿ ಅಂದರೆ ನಾನು ಕೈ ಹಾಕುವುದಿಲ್ಲ. ಅಜ್ಜಿಯ ಕೊಕ್ಕೆತಾತಿಯಲ್ಲಿ ಒಳ್ಳೆಯ ಹರಳು ಇರುವಾಗ ಅದನ್ನು ಪುಡಿ ಮಾಡಿ ಹೊಸದನ್ನು ಎಲ್ಲಿಂದ ತರುವುದು, ಹೇಳಿ.

ಟಚ್ ಕಡಿಮೆ ಬಂತು ಅನ್ನುವ ಮಾತಿಗೂ ಉತ್ತರ ಇದೆ. ಹಿಂದಿನ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಇರುತ್ತಿತ್ತು. ನೂರಾರು ಜೋಡಣೆ ಇರುವ ಒಡವೆ ಕರಗಿಸಿದರೆ ಆ ಬೆಸುಗೆಯೂ ಸೇರಿ ಟಚ್ ಇಳಿಯಲೇಬೇಕು. ಒಡವೆಯಾಗಿ ಇದ್ದಾಗ ತಗಡು 22 ಕ್ಯಾರೆಟ್ಟೇ, ಕುಂದಣ 24. ಕರಗಿಸಿ ಗಟ್ಟಿ ಮಾಡಿದರೆ ಮಾತ್ರ ಅದು ಕಡಿಮೆ ಚಿನ್ನ. ಕೆಡಿಎಂ ಇದ್ದರೆ ಕೊಡಿ ಅಂತ ಈಗಲೂ ಕೆಲವರು ಕೇಳುತ್ತಾರೆ. ಕೆಡಿಎಂ ಅಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ, ಅಷ್ಟೇ. ಅದರ ಹೊಗೆ ಕುಡಿದು ನಮ್ಮ ಕಸುಬಿನವರ ಶ್ವಾಸಕೋಶ ಹಾಳಾಗುತ್ತದೆ ಅಂತಲೇ ಅದನ್ನು ನಿಲ್ಲಿಸಿದ್ದು.

ಹಾಲ್‌ಮಾರ್ಕಿಗೆ ನಾನು ವಿರೋಧಿ ಅಲ್ಲ. 2021ರ ಜೂನ್‌ನಿಂದ ಹಂತ ಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗುತ್ತಾ ಬಂತು, 2023ರ ಏಪ್ರಿಲ್‌ನಿಂದ ಆರು ಅಕ್ಷರ-ಅಂಕಿಯ ಗುರುತೂ ಬೇಕಾಯಿತು. ಗಿರಾಕಿಗೆ ಒಳ್ಳೆಯದೇ ಆಗಿದೆ. ಆದರೆ ಕುಂದಣದ ಕೆಲಸಕ್ಕೆ, ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರುವ ನಮ್ಮಂಥವರಿಗೆ ಆ ನಿಯಮದಲ್ಲೇ ವಿನಾಯಿತಿ ಇದೆ ಅನ್ನುವುದು ಜನರಿಗೆ ಗೊತ್ತಿಲ್ಲ. ಮುದ್ರೆ ಇಲ್ಲದ್ದೆಲ್ಲ ಕಳಪೆ, ಕರಗಿಸಿಬಿಡಿ ಅಂತ ಕೌಂಟರಿನಲ್ಲಿ ಹೇಳಿದರೆ ನಂಬುತ್ತಾರೆ. ಅಜ್ಜನ ಮೂರು ಚುಕ್ಕಿಯೂ ಒಂದು ಮುದ್ರೆಯೇ ಆಗಿತ್ತು. ಕೆಲಸ ಕೆಟ್ಟರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅಂತ ಇಡೀ ನಾಡಿಗೆ ಗೊತ್ತಿತ್ತು.

ಈ ಕಸುಬು ಒಮ್ಮೆ ಸತ್ತು ಬದುಕಿದೆ. ನಾನು ಹುಟ್ಟಿದ್ದು 1963ರಲ್ಲಿ. ಅದೇ ಜನವರಿಯಲ್ಲಿ ಚಿನ್ನ ನಿಯಂತ್ರಣದ ಆಜ್ಞೆ ಬಂತು. ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. 14 ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡುವ ಹಾಗಿಲ್ಲ ಅಂದರು. 14 ಕ್ಯಾರೆಟ್ಟಿನಲ್ಲಿ ಕುಂದಣ ಎಲ್ಲಿಂದ ಬರಬೇಕು? ದೇಶದ ಎಷ್ಟೋ ಅಕ್ಕಸಾಲಿಗರು ಬೀದಿಗೆ ಬಿದ್ದರು, ಕೆಲವರು ಪ್ರಾಣ ಕಳೆದುಕೊಂಡರು. ನನ್ನ ಅಪ್ಪ ಕಾಫಿ ತೋಟದಲ್ಲಿ ರೈಟರ್ ಕೆಲಸಕ್ಕೆ ಸೇರಿದರು. ಸಲಾಕೆ, ಕಂಬಚ್ಚು, ಅಚ್ಚು ಎಲ್ಲವನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು ಅಂತ ಅಮ್ಮ ಹೇಳುತ್ತಿದ್ದರು. 1966ರಲ್ಲಿ 14 ಕ್ಯಾರೆಟ್ಟಿನ ಕಟ್ಟು ಸಡಿಲಾಯಿತು. ಅಪ್ಪ ಮರುವರ್ಷ ಅಟ್ಟದಿಂದ ಗಂಟು ಇಳಿಸಿದರು. ನಿಯಂತ್ರಣದ ಕಾಯ್ದೆ ಪೂರ್ತಿ ಹೋಗಿದ್ದು 1990ರಲ್ಲಿ.

ಅವತ್ತು ಕಾನೂನು ಮಾಡಿದ್ದನ್ನು ಇವತ್ತು ಎಕ್ಸ್‌ಚೇಂಜ್ ಕೌಂಟರ್ ಸದ್ದಿಲ್ಲದೆ ಮಾಡುತ್ತಿದೆ. ಹಳೇ ಒಡವೆ ಕಣ್ಣೆದುರು ಇಲ್ಲದಿದ್ದರೆ ಹೊಸ ಹುಡುಗರು ಯಾವುದನ್ನು ನೋಡಿ ಕಲಿಯಬೇಕು? ನಮಗೆ ಪುಸ್ತಕ ಇಲ್ಲ. ರಿಪೇರಿಗೆ ಬಂದ ಒಡವೆಯೇ ಪುಸ್ತಕ. ಅಜ್ಜ ಹರಳಿನ ಕೆಳಗೆ ಎಷ್ಟು ಅರಗು ಹಾಕಿದ್ದರು ಅಂತ ನಾನು ತಿಳಿದದ್ದು 1994ರಲ್ಲಿ ಅದೇ ಕೊಕ್ಕೆತಾತಿ ಬಿಚ್ಚಿದಾಗ. ಅಜ್ಜ ತೀರಿಕೊಂಡು ಅಷ್ಟೊತ್ತಿಗೆ ಎಷ್ಟೋ ವರ್ಷವಾಗಿತ್ತು.

ನಮ್ಮ ಬೀದಿಯಲ್ಲಿ ನಾನು ಕಲಿಯುವಾಗ ಒಂಬತ್ತು ಅಗ್ಗಿಷ್ಟಿಕೆ ಉರಿಯುತ್ತಿದ್ದವು. ಈಗ ಎರಡು. ನನ್ನ ಜತೆ ಬಂಗಾಳದ ಒಬ್ಬ ಹುಡುಗ ಇದ್ದಾನೆ. ಚಿನ್ನದಂಥ ಕೈ ಅವನದು. ಹೊರಗಿನವರು ಬಂದು ಕೆಲಸ ಕಿತ್ತುಕೊಂಡರು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಇಲ್ಲದಿದ್ದರೆ ಕುಂದಣ ಕಲಿಯುವವರೇ ನನ್ನ ಹತ್ತಿರ ಇರುತ್ತಿರಲಿಲ್ಲ. ನನ್ನ ಸ್ವಂತ ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ. ತಿಂಗಳಾದರೆ ಸಂಬಳ ಬರುತ್ತದೆ. ಬಾ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಇದೆ. ಐದರಿಂದ ಏಳು ದಿನದ ಮೊದಲ ಹಂತದ ತರಬೇತಿ, ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಕಡಿಮೆ ಬಡ್ಡಿಯ ಸಾಲ. ಕೊಟ್ಟವರಿಗೆ ಕೃತಜ್ಞತೆ ಇದೆ. ಆದರೆ ಅಪ್ಪ ನನ್ನ ಕೈಗೆ ಗಿರಾಕಿಯ ಮೊದಲ ಹರಳು ಕೊಟ್ಟದ್ದು ನಾನು ಕೂತು ಮೂರು ವರ್ಷವಾದ ಮೇಲೆ. ವಾರದಲ್ಲಿ ಇದು ಆಗುವ ಕೆಲಸವಲ್ಲ. ಕಲಿಯುವ ಹುಡುಗ ಅಥವಾ ಹುಡುಗಿಗೆ ಎರಡು ವರ್ಷ ಹೊಟ್ಟೆಪಾಡಿಗಾಗುವಷ್ಟು ಭತ್ಯೆ ಕೊಟ್ಟು, ಕೆಲಸ ಗೊತ್ತಿರುವವರ ಅಂಗಡಿಯಲ್ಲೇ ಕೂರಿಸಿದರೆ ಕಲಿಯುತ್ತಾರೆ. ನನ್ನ ಅಂಗಡಿಯಲ್ಲಿ ಇಬ್ಬರಿಗೆ ಜಾಗ ಇದೆ. ಕಲಿಸಲು ನಾನು ಒಂದು ರೂಪಾಯಿಯನ್ನೂ ಕೇಳುವುದಿಲ್ಲ.

ಇನ್ನು ಓದುಗರಲ್ಲಿ, ಅಂಗಡಿಯವರಲ್ಲಿ, ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಹಳೇ ಒಡವೆ ತೆಗೆದುಕೊಳ್ಳುವ ಅಂಗಡಿ ಕರಗಿಸುವ ಮುಂಚೆ ಅದರ ಎರಡೂ ಬದಿಯ ಫೋಟೋ ತೆಗೆದು ಮಾಲೀಕರಿಗೆ ಕೊಡಬೇಕು. ಹರಳನ್ನು ಅವರ ಎದುರಿನಲ್ಲೇ ಬಿಡಿಸಿ, ಎಣಿಸಿ, ಪೊಟ್ಟಣ ಕಟ್ಟಿ ವಾಪಸ್ ಕೊಡಬೇಕು. ಎಷ್ಟು ಹರಳು, ಎಷ್ಟು ತೂಕ ಅಂತ ಚೀಟಿಯಲ್ಲಿ ಬರೆಯಬೇಕು. ಇದನ್ನು ನಿಯಮ ಮಾಡಲು ಏನು ಕಷ್ಟ? ಪ್ರಾಮಾಣಿಕವಾಗಿ ವ್ಯಾಪಾರ ಮಾಡುವ ಅಂಗಡಿಗಳು ಬೇಕಾದಷ್ಟಿವೆ, ಅವರಿಗೆ ಇದರಿಂದ ನಷ್ಟವೂ ಇಲ್ಲ. ನೀವು ಒಡವೆ ಕೊಡಲು ಹೊರಟವರಾದರೆ ಒಂದು ದಿನ ತಡೆಯಿರಿ. ನಿಮ್ಮೂರಿನಲ್ಲಿ ಇನ್ನೂ ಅಗ್ಗಿಷ್ಟಿಕೆ ಇಟ್ಟುಕೊಂಡಿರುವ ಅಕ್ಕಸಾಲಿಗ ಯಾರಿದ್ದಾರೆ ನೋಡಿ, ಅವರ ಮುಂದೆ ಇಡಿ. ನೋಡಿ ಹೇಳಲು ಅವರು ದುಡ್ಡು ಕೇಳುವುದಿಲ್ಲ. ಬುಗುಡಿ, ಅಡ್ಡಿಕೆ, ಬೋರಮಾಳ, ಯಾವುದೇ ಇರಲಿ. ದಾರ ಹಳತಾಗಿದ್ದರೆ ಬದಲಾಯಿಸಬಹುದು, ಅರಗು ಸಡಿಲಾಗಿದ್ದರೆ ತುಂಬಬಹುದು. ಆಮೇಲೂ ಕೊಡಲೇಬೇಕಾದರೆ ಕೊಡಿ. ಮಗಳ ಮದುವೆ, ಆಸ್ಪತ್ರೆ ಖರ್ಚು ಯಾರಿಗೂ ತಪ್ಪಿದ್ದಲ್ಲ.

ಆ ಅಮ್ಮನಿಗೆ ಮಾಡಿಕೊಡುತ್ತೇನೆ ಅಂದಿದ್ದೇನೆ. ಪೆನ್ಷನ್ನಿನಲ್ಲಿ ಉಳಿಸಿದ್ದು, ಎರಡು ಬಳೆ ಕೊಟ್ಟಿದ್ದಾರೆ. ಗುಂಡು ಮೂವತ್ತು ಆಗಿವೆ, ಇನ್ನೂ ಇಪ್ಪತ್ತನಾಲ್ಕು ಬೇಕು. ಕೊಕ್ಕೆತಾತಿಯ ಮೈ ಸಿದ್ಧವಾಗಿದೆ, ಹರಳು ಕೂರಿಸುತ್ತಿದ್ದೇನೆ. ಸಂತೆ ದಿನ ಬಂದು ಬೆಂಚಿನ ಮೇಲೆ ಕೂತು ನೋಡುತ್ತಾರೆ. “ಹೆಡೆ ಇನ್ನೂ ಸ್ವಲ್ಪ ಅಗಲ ಇತ್ತು ಆಚಾರ್ರೇ” ಅನ್ನುತ್ತಾರೆ. ಸರಿ ಮಾಡುತ್ತೇನೆ. ಹೋದ ವಾರ ನನ್ನ ಹರಳಿನ ಪೆಟ್ಟಿಗೆ ಹುಡುಕುವಾಗ 1994 ಅಂತ ಬರೆದ ಕಾಗದದ ಪೊಟ್ಟಣ ಸಿಕ್ಕಿತು. ಅಂಚು ಒಡೆದ ಆ ಒಂದು ಕೆಂಪು. ಭೂತಗನ್ನಡಿ ಹಿಡಿದು ಅವರಿಗೂ ತೋರಿಸಿದೆ, ಒಳಗೆ ರೇಷ್ಮೆ ಎಳೆ ಇದೆ. ಹೆಡೆಯ ಕೆಳಗಿನ ಗೂಡು ಅದಕ್ಕೆ ಅಂತ ಖಾಲಿ ಬಿಟ್ಟಿದ್ದೇನೆ. ಒಡೆದ ಅಂಚು ಕುಂದಣದ ಒಳಗೆ ಹೋಗುತ್ತದೆ, ಹೊರಗೆ ಕಾಣುವುದಿಲ್ಲ.

ಇಂತಿ,
ಒಬ್ಬ ಅಕ್ಕಸಾಲಿಗ
ವಿರಾಜಪೇಟೆ, ಕೊಡಗು